ಶರಬತ್ತಿಗೊಂದು ನ್ಯಾಯ, ಹೆಪ್ಪುಗಟ್ಟಿದ ಶರಬತ್ತಿಗೊಂದು ನ್ಯಾಯ

ಬೇಸಿಗೆ ಬಂದಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗದ ಪೇಟೆಗಳಲ್ಲಿ ತಂಪು ಪದಾರ್ಥಗಳ ವ್ಯಾಪಾರ ಗರಿಗೆದರುತ್ತದೆ. ಚೈತ್ರ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತಸಮೂಹವೂ ಈ ವ್ಯಾಪಾರಕ್ಕೆ ಆಸರೆಯಾಗಿದೆ. ಮನೆಯಲ್ಲಿಯೇ ತಯಾರಿಸಬಹುದಾದ ಹಣ್ಣು ಮತ್ತು ಚಹಾದ ಸೊರ್ಬೆಯು ಇಂತಹ ಸಮಯದಲ್ಲಿ ಸಣ್ಣ ಉದ್ದಿಮೆದಾರರಿಗೆ ಒದಗುವ ಉತ್ತಮ ಕಸುಬು. ಸೊರ್ಬೆ ಎಂದರೆ ಹಾಲು ಬೆರೆಸದೆ ಹೆಪ್ಪುಗಟ್ಟಿಸಿದ ಶರಬತ್ತು. ಎರಡೂ ಶಬ್ದಗಳ ಮೂಲ ಒಂದೇ ಅರಬ್ಬೀ ಧಾತು.

ಇದಕ್ಕೆ ದೊಡ್ಡ ಯಂತ್ರೋಪಕರಣಗಳು ಬೇಕಿಲ್ಲ. ಸೋಸಿ ಆರಿಸಿದ ಚಹಾ, ಸಕ್ಕರೆ ಪಾಕ, ಮಾವು ಅಥವಾ ಕಲ್ಲಂಗಡಿಯ ರಸ, ತುಸು ಲಿಂಬೆರಸ ಇವನ್ನು ಬೆರೆಸಿ ಫ್ರೀಜರಿನಲ್ಲಿಟ್ಟು, ಅರ್ಧ ಗಂಟೆಗೊಮ್ಮೆ ಕೆದಕುತ್ತಿದ್ದರೆ ಸಾಕು. ಒಟ್ಟು ತೂಕದ ಸುಮಾರು ಕಾಲು ಭಾಗ ಸಕ್ಕರೆಯಿರಬೇಕು. ಕಡಿಮೆಯಾದರೆ ಕಲ್ಲಿನಂತಾಗುತ್ತದೆ, ಹೆಚ್ಚಾದರೆ ಗಟ್ಟಿಯಾಗುವುದಿಲ್ಲ.

ತಯಾರಿಕೆ ಇಷ್ಟು ಸರಳವಾಗಿದ್ದರೂ ತೆರಿಗೆಯ ಲೆಕ್ಕ ಸರಳವಾಗಿಲ್ಲ. ಕಾನೂನಿನ ದೃಷ್ಟಿಯಲ್ಲಿ ಸೊರ್ಬೆಯು ‘ಐಸ್‌ಕ್ರೀಮ್ ಹಾಗೂ ಇತರ ತಿನ್ನುವ ಐಸ್’ ವರ್ಗಕ್ಕೆ ಸೇರುತ್ತದೆ. 2019ರ ಅಧಿಸೂಚನೆಗಳು ಈ ವರ್ಗವನ್ನು ಪಾನ್ ಮಸಾಲಾ ಮತ್ತು ತಂಬಾಕಿನ ಪಕ್ಕದಲ್ಲಿ ಕೂರಿಸಿವೆ. ರಾಜ್ಯದೊಳಗೆ ಹಣ್ಣಿನ ಶರಬತ್ತನ್ನು ಬಾಟಲಿಯಲ್ಲಿ ಮಾರುವವನಿಗೆ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅದೇ ಶರಬತ್ತನ್ನು ಹೆಪ್ಪುಗಟ್ಟಿಸಿ ಮಾರಿದರೆ ಮಿತಿಯು 20 ಲಕ್ಷಕ್ಕಿಳಿಯುತ್ತದೆ. ಕಪ್ಪಿಗೆ 20 ರೂಪಾಯಿಯಂತೆ ದಿನಕ್ಕೆ 850 ಕಪ್ಪು ಮಾರಿದರೆ 120 ದಿನಗಳ ಬೇಸಿಗೆಯಲ್ಲಿಯೇ ಈ ಮಿತಿ ದಾಟುತ್ತದೆ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಕಾಂಪೊಸಿಷನ್ ಯೋಜನೆಯಡಿ ಶೇ. 1ರಷ್ಟು ತೆರಿಗೆ ಕಟ್ಟುತ್ತಿರುವ ಬೇಕರಿ ಅಥವಾ ಕಿರಾಣಿ ವರ್ತಕರು ತಾವೇ ಸೊರ್ಬೆ ತಯಾರಿಸತೊಡಗಿದರೆ, ಅದೇ ಪ್ಯಾನ್ ಸಂಖ್ಯೆಯ ಇಡೀ ವ್ಯವಹಾರವೇ ಆ ಯೋಜನೆಯಿಂದ ಹೊರಬೀಳುತ್ತದೆ. ಆದ್ದರಿಂದ ಫ್ರೀಜರ್ ಕೊಳ್ಳುವ ಮುನ್ನವೇ ಲೆಕ್ಕ ಹಾಕುವುದು ಜಾಣತನ. ಒಂದೇ ಧಂದೆಯನ್ನು ಕಾಗದದ ಮೇಲೆ ಮನೆಮಂದಿಯ ಹೆಸರಿಗೆ ಹಂಚಿ ಮಿತಿಯಿಂದ ಪಾರಾಗುವ ಯೋಚನೆ ತಪಾಸಣೆಯಲ್ಲಿ ನಿಲ್ಲಲಾರದು. ಆಹಾರ ಸುರಕ್ಷತಾ ನೋಂದಣಿಯಂತೂ ಮನೆಯ ಅಡುಗೆಮನೆಯಲ್ಲಿ ತಯಾರಿಸಿ ಮಾರುವವರಿಗೂ ಕಡ್ಡಾಯ.

ತೆರಿಗೆ ಶೇ. 18 ಇದ್ದಾಗ ಈ ನಿರ್ಬಂಧಕ್ಕೆ ಆದಾಯ ಸೋರಿಕೆಯ ಕಾರಣವನ್ನಾದರೂ ಹೇಳಬಹುದಿತ್ತು. 2025ರ ಸೆಪ್ಟೆಂಬರ್ 22ರಿಂದ ದರವು ಶೇ. 5ಕ್ಕೆ ಇಳಿದಿದೆ. ತಂಬಾಕಿನ ಮೇಲಿನ ತೆರಿಗೆ ಹಾಗೆ ಇಳಿದಿಲ್ಲ. ಸಣ್ಣ ಐಸ್‌ಕ್ರೀಮ್ ತಯಾರಕರನ್ನು ಕಾಂಪೊಸಿಷನ್ ಯೋಜನೆಯಿಂದ ಹೊರಗಿಟ್ಟಿದ್ದನ್ನು ಪುನಃ ಪರಿಶೀಲಿಸುವಂತೆ ದೆಹಲಿ ಉಚ್ಚ ನ್ಯಾಯಾಲಯವು 2021ರಲ್ಲಿಯೇ ಜಿಎಸ್‌ಟಿ ಮಂಡಳಿಗೆ ಸೂಚಿಸಿತ್ತು. ದರದಲ್ಲಿ ನಿತ್ಯಬಳಕೆಯ ತಿನಿಸು, ನಿರ್ಬಂಧದಲ್ಲಿ ತಂಬಾಕಿನ ಸಂಗಾತಿ ಎಂಬ ಈ ನೀತಿಯು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬಂತಿದೆ.

ನಮ್ಮ ವಾಣಿಜ್ಯ ಸಂಸ್ಥೆಯು ಈ ಕುರಿತು ರಾಜ್ಯ ಸರ್ಕಾರದ ಮೂಲಕ ಮಂಡಳಿಗೆ ಮನವಿ ಸಲ್ಲಿಸುವುದು ಸೂಕ್ತ. ಬೇಡಿಕೆ ಚಿಕ್ಕದು: ತಿನ್ನುವ ಐಸನ್ನು ಎರಡೂ ಪಟ್ಟಿಗಳಿಂದ ಕೈಬಿಡಬೇಕು. ಸದಸ್ಯರು ತಮ್ಮ ವಹಿವಾಟಿನ ಅಂಕಿ-ಅಂಶಗಳನ್ನು ಒದಗಿಸಿದರೆ ಮನವಿಗೆ ತೂಕ ಬರುತ್ತದೆ.