ಎಷ್ಟು ಅಡಿಷನಲ್ ಶೀಟ್ ತಗೊಂಡೆ?

ಪದವಿ ಪರೀಕ್ಷೆ ಮುಗಿಸಿ ಹೊರಬಂದ ಹುಡುಗರು ಒಬ್ಬರನ್ನೊಬ್ಬರು ಮೊದಲು ಕೇಳುವುದು, 'ಎಷ್ಟು ಅಡಿಷನಲ್ ಶೀಟ್ ತಗೊಂಡೆ?' ಪುಟ ತುಂಬಿಸಿದಷ್ಟೂ ಅಂಕ ಎಂಬ ನಂಬಿಕೆ ನಮ್ಮ ತಾಲ್ಲೂಕು ಕಾಲೇಜುಗಳಲ್ಲಿ ಗಟ್ಟಿಯಾಗಿ ಕೂತಿದೆ. ಮುಂದೆ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತಾಗ ಹಳ್ಳಿಯ ಮಕ್ಕಳು ಪ್ರಬಂಧದಲ್ಲಿ ಹಿಂದೆ ಬಿದ್ದರೆ ಕನ್ನಡ ಮಾಧ್ಯಮವನ್ನು ದೂರುವವರೇ ಹೆಚ್ಚು. ನಮಗೆ ಅನುಮಾನ ಇರುವುದು ಈ ಪುಟ ತುಂಬಿಸುವ ಚಟದ ಮೇಲೆ.

ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಪ್ರಬಂಧ ಪತ್ರಿಕೆಗೆ 3 ಗಂಟೆ, 250 ಅಂಕ. ಎರಡು ಪ್ರಬಂಧ, ಒಂದೊಂದೂ 1,000ದಿಂದ 1,200 ಪದ. ಕನ್ನಡದಲ್ಲೂ ಬರೆಯಬಹುದು. ಇಷ್ಟವಾದ ಮೊದಲ ವಿಷಯಕ್ಕೇ ಎರಡು ಗಂಟೆ ಸುರಿದರೆ ಎರಡನೆಯದು ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೂ 125 ಅಂಕವೇ ಇದೆ.

ಹಾಗಾಗಿ ಒಂದಕ್ಕೆ 90 ನಿಮಿಷ. ಅದರಲ್ಲಿ ಮೊದಲ 15 ನಿಮಿಷ ಪ್ರಬಂಧ ಶುರು ಮಾಡಲೇಬೇಡಿ. ಪಕ್ಕದವನು ಆಗಲೇ ಎರಡನೇ ಪುಟಕ್ಕೆ ಹೋಗಿರುತ್ತಾನೆ, ಎದೆ ಡವಡವ ಅನ್ನುತ್ತದೆ. ಅನ್ನಲಿ. ಕೊನೆಯ ಪುಟದಲ್ಲಿ 'ರಫ್' ಎಂದು ಬರೆದು, ಈ ವಿಷಯದ ಬಗ್ಗೆ ನನ್ನ ಮಾತೇನು ಎಂಬುದನ್ನು ಒಂದೇ ವಾಕ್ಯದಲ್ಲಿ ಹಾಕಿಕೊಳ್ಳಿ. ಕೆಳಗೆ ನಾಲ್ಕೈದು ಅಂಶ, ಪ್ರತಿಯೊಂದಕ್ಕೂ ಒಂದು ಉದಾಹರಣೆ. ಆ ವಾಕ್ಯ ಹೊಳೆಯದಿದ್ದರೆ ವಿಷಯವನ್ನೇ ಬದಲಿಸಿ. 15 ನಿಮಿಷ ಹೋದರೂ ಪರವಾಗಿಲ್ಲ, ಒಂದು ಗಂಟೆ ಬರೆದಾದ ಮೇಲೆ ಬದಲಿಸಲಾಗದು.

ನೀರಿನ ಅಭಾವದ ಬಗ್ಗೆ ಪ್ರಬಂಧ ಎಂದುಕೊಳ್ಳಿ. ಗೈಡ್ ಓದಿದವರು 'ಪಂಚಭೂತಗಳಲ್ಲಿ ನೀರೂ ಒಂದು' ಎಂದು ಶುರು ಮಾಡಿ ಒಂದು ಪುಟ ದಾಟಿಸುತ್ತಾರೆ. (ಪತ್ರಿಕಾ ಕಚೇರಿಯ ಡೆಸ್ಕಿಗೆ ಇಂಥ ಪೀಠಿಕೆ ಕೊಟ್ಟು ನೋಡಿ, ಮೊದಲ ಪ್ಯಾರಾಕ್ಕೇ ಕತ್ತರಿ.) ಕೋಲಾರದ ಹುಡುಗಿ ಮನಸ್ಸು ಮಾಡಿದರೆ ತನ್ನೂರಿನ ಕೆರೆಯಿಂದಲೇ ಹೊರಡಬಹುದು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧವಾಗಿ ಆ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿತೆಂಬ ಸಮಾಧಾನ ಒಂದು ಕಡೆ, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಹೋರಾಟ ಇನ್ನೊಂದು ಕಡೆ. ಪಟ್ಟಣ ಬಳಸಿ ಬಿಟ್ಟ ನೀರನ್ನು ಹಳ್ಳಿ ಯಾವ ಷರತ್ತಿನ ಮೇಲೆ ಒಪ್ಪಬೇಕು? ಇಲ್ಲಿ ವಾದ ಇದೆ, ಎದುರುವಾದ ಇದೆ, ಕಣ್ಣಾರೆ ಕಂಡ ಊರಿದೆ. ಇದನ್ನು ಬರೆಯಲು ಯಾವ ಗೈಡೂ ಬೇಕಿಲ್ಲ.

ಕೊನೆಯ 10 ನಿಮಿಷ ಓದಿ ತಿದ್ದುವುದಕ್ಕೆ. ಅವಸರದಲ್ಲಿ ಬಿಟ್ಟ ಒತ್ತಕ್ಷರಗಳೆಲ್ಲ ಆಗ ಕಣ್ಣಿಗೆ ಬೀಳುತ್ತವೆ.

ಇದ್ಯಾವುದೂ ಪರೀಕ್ಷೆಯ ದಿನ ಹೊಸದಾಗಿ ಬರುವಂಥದ್ದಲ್ಲ. ಕಾಲೇಜಿನಲ್ಲಿ ನೋಟ್ಸ್ ಹೇಳಿ ಬರೆಸುವುದಕ್ಕೆ ಎಷ್ಟೋ ಪೀರಿಯಡ್ ಹೋಗುತ್ತವೆ. ಅವುಗಳಲ್ಲಿ ವಾರಕ್ಕೊಂದನ್ನು, ಗಡಿಯಾರ ನೋಡಿಕೊಂಡು 40 ನಿಮಿಷ ಪ್ರಬಂಧ ಬರೆಸುವುದಕ್ಕೆ ಬಿಟ್ಟುಕೊಡಿ ಎಂದು ಉಪನ್ಯಾಸಕರನ್ನು ಕೇಳುತ್ತೇವೆ. ಬರೀ ರೈಟ್ ಮಾರ್ಕ್ ಬೇಡ ಸರ್, ಎಲ್ಲಿ ದಾರಿ ತಪ್ಪಿದ್ದಾರೆ ಅಂತ ಕೆಂಪು ಇಂಕಿನಲ್ಲಿ ಒಂದು ಸಾಲು ಬರೆದುಕೊಡಿ.