ಕಡಲಾಚೆಯ ದಾನ ಮತ್ತು ಎರಡು ನಾಡುಗಳ ಕಾನೂನು

ಪರದೇಶದಲ್ಲಿ ನೆಲೆನಿಂತ ಕನ್ನಡಿಗರು ತಾವು ಓದಿದ ಶಾಲೆಗೋ, ತಮ್ಮ ಊರಿನ ಆಸ್ಪತ್ರೆಗೋ, ಅನಾಥಾಶ್ರಮಕ್ಕೋ ಹಣ ಕಳುಹಿಸಬೇಕೆಂದು ಸಂಕಲ್ಪ ಮಾಡಿದಾಗ, ಆ ಹಣವು ದಾತನ ಕೈಬಿಟ್ಟು ಸಂಸ್ಥೆಯ ಖಾತೆಯನ್ನು ಸೇರುವುದರೊಳಗೆ ಎರಡು ಸರ್ಕಾರಗಳ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಈ ದಾನಕ್ಕೆ ತೆರಿಗೆಯಲ್ಲಿ ರಿಯಾಯಿತಿ ಕೊಡತಕ್ಕದ್ದೆ ಎಂದು ದಾತನು ವಾಸಿಸುವ ದೇಶ ಕೇಳುತ್ತದೆ. ಈ ಹಣ ವಿದೇಶಿ ಮೂಲದಿಂದ ಬಂದದ್ದೆ ಎಂದು ನಮ್ಮ ದೇಶ ಕೇಳುತ್ತದೆ. ಎರಡಕ್ಕೂ ಏಕಕಾಲದಲ್ಲಿ ಅನುಕೂಲವಾದ ಉತ್ತರ ದೊರೆಯುವುದು ದುರ್ಲಭ. ಈ ಸಂಗತಿ ನಮ್ಮ ಸಣ್ಣ ಸಂಸ್ಥೆಗಳ ಧರ್ಮದರ್ಶಿಗಳಿಗೆ ಸ್ಪಷ್ಟವಾಗಿ ತಿಳಿಯದಿರುವುದರಿಂದ, ಕೊಡಲು ಮನಸ್ಸಿರುವವರ ಹಣವೂ ಬರಬೇಕಾದ ಕಡೆಗೆ ಬರದೆ ಉಳಿಯುತ್ತಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಮೆರಿಕದ ಕಾನೂನನ್ನು ಮೊದಲು ನೋಡಬಹುದು. ಅಲ್ಲಿನ ಆದಾಯ ತೆರಿಗೆ ಸಂಹಿತೆಯ 170ನೆಯ ವಿಧಿಯ ಪ್ರಕಾರ ದಾತನಿಗೆ ರಿಯಾಯಿತಿ ಸಲ್ಲಬೇಕಾದರೆ ದಾನವನ್ನು ಪಡೆಯುವ ಸಂಸ್ಥೆ ಅಮೆರಿಕದಲ್ಲಿಯೇ ಸ್ಥಾಪಿತವಾದದ್ದಾಗಿರಬೇಕು. ಆದಕಾರಣ ಹಾವೇರಿಯದೋ ಚಾಮರಾಜನಗರದ್ದೋ ಒಂದು ಟ್ರಸ್ಟಿಗೆ ನೇರವಾಗಿ ಕಳುಹಿಸಿದ ಡಾಲರಿಗೆ, ಆ ಟ್ರಸ್ಟು ಎಂತಹ ಸತ್ಕಾರ್ಯವನ್ನೇ ಮಾಡುತ್ತಿರಲಿ, ಅಲ್ಲಿ ರಿಯಾಯಿತಿ ದೊರೆಯುವುದಿಲ್ಲ. ದಾನಕ್ಕೆ ನಮ್ಮ ದೇಶದಲ್ಲಿ ತೆರಿಗೆಯ ರಿಯಾಯಿತಿ ಕೊಡಿಸುವ, 80ಜಿ ಎಂದು ನಾವು ಬಹುಕಾಲದಿಂದ ಬಲ್ಲ ಮಾನ್ಯತೆಯನ್ನು ಹಲವು ಸಂಸ್ಥೆಗಳು ತಮ್ಮ ಮನವಿಪತ್ರದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚುಹಾಕಿಸಿ ಹೊರದೇಶಗಳಿಗೆ ಕಳುಹಿಸುತ್ತವೆ. ಆದರೆ ಮೈಸೂರಿನ ಮನೆಯ ಬಾಡಿಗೆಯಂತಹ, ಭಾರತದಲ್ಲಿ ತೆರಿಗೆಗೆ ಒಳಪಡತಕ್ಕ ಆದಾಯವುಳ್ಳವರಿಗೆ, ಅದರಲ್ಲಿಯೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಹೊರತು, ಕಡಲಾಚೆಯ ದಾತನಿಗೆ ಅದರಿಂದ ಪ್ರಯೋಜನವಿಲ್ಲ.

ಈ ಅಡ್ಡಿಯನ್ನು ದಾಟಲು ಬಹುಕಾಲದಿಂದ ನಡೆದುಬಂದಿರುವ ಉಪಾಯವೆಂದರೆ, 501(ಸಿ)(3) ಎಂಬ ವಿಧಿಯ ಮಾನ್ಯತೆ ಪಡೆದ ಮಿತ್ರ ಸಂಸ್ಥೆಯೊಂದನ್ನು ಅಮೆರಿಕದಲ್ಲಿಯೇ ಸ್ಥಾಪಿಸಿ, ದಾನವನ್ನು ಅದು ಸ್ವೀಕರಿಸಿ, ತನ್ನ ವಿವೇಚನೆಯಿಂದ ಇಲ್ಲಿನ ಕಾರ್ಯಕ್ಕೆ ಅನುದಾನವಾಗಿ ಕೊಡುವುದು. 2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಒದಗಿಸುತ್ತಿರುವ ಅಕ್ಷಯ ಪಾತ್ರ ಸಂಸ್ಥೆಗೆ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಪ್ರತ್ಯೇಕ ಸಂಸ್ಥೆಗಳಿರುವುದು ಈ ಮಾರ್ಗದ ದೊಡ್ಡ ನಿದರ್ಶನ. ಅಷ್ಟು ಶಕ್ತಿಯಿಲ್ಲದವರಿಗೆ ಗಿವ್‌ಟುಏಷ್ಯಾ, ಸಿಎಎಫ್ ಅಮೆರಿಕ, ಗ್ಲೋಬಲ್‌ಗಿವಿಂಗ್ ಮೊದಲಾದ ಮಧ್ಯವರ್ತಿ ಸಂಸ್ಥೆಗಳುಂಟು. ಅವು ತಮ್ಮ ಸೇವೆಗೆಂದು ಒಂದಂಶವನ್ನು ಇಟ್ಟುಕೊಂಡು ಉಳಿದುದನ್ನು ಕಳುಹಿಸುತ್ತವೆ. ಆದರೆ ಈ ವ್ಯವಸ್ಥೆಗೆ ಅಲ್ಲಿನ ತೆರಿಗೆ ಇಲಾಖೆ 1963ರಷ್ಟು ಹಿಂದೆಯೇ ಒಂದು ಎಲ್ಲೆಯನ್ನು ಗೆರೆಯೆಳೆದು ತೋರಿಸಿದೆ. ಮಿತ್ರ ಸಂಸ್ಥೆ ಹಣ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬೀಳುವ ಬರಿಯ ಕೊಳವೆಯಾಗಿದ್ದರೆ ರಿಯಾಯಿತಿ ಇಲ್ಲ. ಅದರ ಆಡಳಿತ ಮಂಡಲಿ ಯೋಜನೆಯನ್ನು ತಾನೇ ಪರೀಕ್ಷಿಸಿ, ಒಪ್ಪಿ, ಹಣದ ವಿನಿಯೋಗದ ಮೇಲೆ ಹತೋಟಿಯನ್ನು ಉಳಿಸಿಕೊಂಡಿರಬೇಕು. ಈ ನಿಯಮವನ್ನು ತಾಂತ್ರಿಕವಾದ ತೊಡಕೆಂದು ಗೊಣಗುವವರನ್ನು ಕಂಡಿದ್ದೇನೆ. ನನಗಾದರೋ ಅದು ನ್ಯಾಯವಾಗಿಯೇ ತೋರುತ್ತದೆ. ತೆರಿಗೆಯ ರಿಯಾಯಿತಿಯೆಂದರೆ ಆ ದೇಶದ ಪ್ರಜೆಗಳೆಲ್ಲರ ಬೊಕ್ಕಸದಿಂದ ಬಿಟ್ಟುಕೊಟ್ಟ ಹಣ. ಅದು ಎಲ್ಲಿಗೆ ಹೋಯಿತೆಂದು ಕೇಳುವ ಅಧಿಕಾರ ಅವರಿಗೆ ಇರಲೇಬೇಕು.

ಈ ಮಾರ್ಗದ ಪ್ರಯೋಜನ ತೆರಿಗೆಯ ರಿಯಾಯಿತಿಯೊಂದರಲ್ಲಿಯೇ ಮುಗಿಯುವುದಿಲ್ಲ. ನೌಕರರು ಕೊಟ್ಟಷ್ಟೇ ಹಣವನ್ನು ತಾವೂ ಸೇರಿಸಿ ಕೊಡುವ ಅಲ್ಲಿನ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಮಾತ್ರ ಹಾಗೆ ಕೊಡುತ್ತವೆ. ವರ್ಷಕ್ಕೆ ಮೇಲ್ಪಟ್ಟು ಇಟ್ಟುಕೊಂಡಿದ್ದ, ಬೆಲೆಯೇರಿದ ಷೇರುಗಳನ್ನು ಇಂತಹ ಸಂಸ್ಥೆಗೆ ಷೇರಿನ ರೂಪದಲ್ಲಿಯೇ ದಾನ ಮಾಡಿದರೆ, ದಾತನಿಗೆ ಏರಿಕೆಯ ಮೇಲಿನ ತೆರಿಗೆಯೂ ತಪ್ಪುತ್ತದೆ, ಅಂದಿನ ಪೂರ್ಣ ಬೆಲೆಯ ಮೇಲೆ ರಿಯಾಯಿತಿಯನ್ನು ಕೇಳುವ ಅವಕಾಶವೂ ಉಂಟಾಗುತ್ತದೆ. ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು ಸಂಬಳದ ಭಾಗವಾಗಿ ಷೇರುಗಳನ್ನು ಪಡೆದ ನಮ್ಮವರಿಗೆ ಇದು ನಗದಿಗಿಂತ ಲಾಭಕರವಾದ ದಾನ. ಮತ್ತೊಂದು ಕಡೆ, 2018ರಿಂದ ಅಲ್ಲಿನ ಸಾಮಾನ್ಯ ಕಡಿತದ ಮೊತ್ತ ಸುಮಾರು ಇಮ್ಮಡಿಯಾದ ಮೇಲೆ, ದಾನಗಳನ್ನು ಬಿಡಿಬಿಡಿಯಾಗಿ ನಮೂದಿಸಿ ರಿಯಾಯಿತಿ ಕೇಳುವವರು ಅಲ್ಪಸಂಖ್ಯಾತರಾಗಿ, ಮಧ್ಯಮ ಆದಾಯದ ದಾತನಿಗೆ ಅನುಕೂಲವೇ ಇಲ್ಲದಂತಾಗಿತ್ತು. 2026ರ ತೆರಿಗೆ ವರ್ಷದಿಂದ ಹಾಗೆ ನಮೂದಿಸದವರೂ ಒಬ್ಬರಿಗೆ 1,000, ದಂಪತಿಗಳಿಗೆ 2,000 ಡಾಲರುಗಳವರೆಗಿನ ನಗದು ದಾನಕ್ಕೆ ರಿಯಾಯಿತಿ ಪಡೆಯಬಹುದೆಂಬ ವಿಧಿ ಬಂದಿದೆ. ಸಣ್ಣ ದಾತರನ್ನು ಮರೆಯದಿರುವುದಕ್ಕೆ ಇದು ಒಳ್ಳೆಯ ಕಾರಣ.

ಇನ್ನು ನಮ್ಮ ಕಡೆಯ ಪ್ರಶ್ನೆ. ಎಫ್‌ಸಿಆರ್‌ಎ ಎಂದು ಜನ ಕರೆಯುವ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ ಹುಟ್ಟಿ, 2010ರಲ್ಲಿ ಹೊಸ ರೂಪ ತಾಳಿ, 2020ರ ತಿದ್ದುಪಡಿಯಿಂದ ಬಹು ಬಿಗಿಯಾಯಿತು. ಈ ಕಾಯ್ದೆಯ ದೃಷ್ಟಿಯಲ್ಲಿ, ಭಾರತದ ಪಾಸ್‌ಪೋರ್ಟನ್ನು ಉಳಿಸಿಕೊಂಡಿರುವವನು ಎಷ್ಟು ವರ್ಷ ಪರದೇಶದಲ್ಲಿದ್ದರೂ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದು, ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡನ್ನು ಮಾತ್ರ ಹೊಂದಿರುವ ಅವನ ಸಹೋದರನು ಕೊಟ್ಟದ್ದು ವಿದೇಶಿ ದೇಣಿಗೆ. ಒಂದೇ ಮನೆಯಲ್ಲಿ ಗಂಡನ ಹಣಕ್ಕೆ ಒಂದು ನ್ಯಾಯ, ಹೆಂಡತಿಯ ಹಣಕ್ಕೆ ಇನ್ನೊಂದು ನ್ಯಾಯ ಆಗಬಹುದು.

ಇಲ್ಲಿಯೇ ಈ ವಿಷಯದ ಮುಖ್ಯ ಗಂಟು ಇದೆ. ಭಾರತೀಯ ಪೌರನಾದ ದಾತನು ನೇರವಾಗಿ ಕೊಟ್ಟರೆ ಇಲ್ಲಿ ನೋಂದಣಿಯ ತೊಡಕಿಲ್ಲ, ಆದರೆ ಅಲ್ಲಿ ತೆರಿಗೆಯ ರಿಯಾಯಿತಿ ಇಲ್ಲ. ಅದೇ ಹಣವನ್ನು ಅವನು ಅಮೆರಿಕದ ಮಿತ್ರ ಸಂಸ್ಥೆಯ ಮೂಲಕ ಕೊಟ್ಟರೆ ಅಲ್ಲಿ ರಿಯಾಯಿತಿಗೆ ಅರ್ಹತೆ ಬರುತ್ತದೆ, ಆದರೆ ಕೊಡುವುದು ಈಗ ಅಮೆರಿಕದ ಸಂಸ್ಥೆಯಾದ್ದರಿಂದ, ಆ ಸಂಸ್ಥೆಯ ದಾತರೆಲ್ಲರೂ ಭಾರತೀಯ ಪೌರರೇ ಆಗಿದ್ದರೂ, ಹಣ ವಿದೇಶಿ ದೇಣಿಗೆಯಾಗಿ ಬಿಡುತ್ತದೆ. ಆದ್ದರಿಂದ ಎಫ್‌ಸಿಆರ್‌ಎ ನೋಂದಣಿಯಿಲ್ಲದ ಸಣ್ಣ ಸಂಸ್ಥೆ ತನ್ನ ದಾತರ ಪಟ್ಟಿಯನ್ನು ಪಾಸ್‌ಪೋರ್ಟಿನ ಪ್ರಕಾರ ವಿಂಗಡಿಸಿ, ಭಾರತೀಯ ಪೌರರಿಂದ ಮಾತ್ರ ನೇರವಾಗಿ ಪಡೆದು, ಪ್ರತಿಯೊಬ್ಬರ ಪಾಸ್‌ಪೋರ್ಟಿನ ವಿವರವನ್ನೂ ರಶೀದಿಯ ಜೊತೆಗೆ ಇಟ್ಟುಕೊಳ್ಳತಕ್ಕದ್ದು. ತೆರಿಗೆಯ ಅನುಕೂಲ ತಮ್ಮಿಂದ ಆಗದೆಂದು ದಾತರಿಗೆ ಮೊದಲೇ ತಿಳಿಸತಕ್ಕದ್ದು. ಈ ಪ್ರಾಮಾಣಿಕತೆಯಿಂದ ದಾತರು ದೂರ ಸರಿಯುವರೆಂಬ ಭಯ ನನಗಿಲ್ಲ.

ನೋಂದಣಿಯನ್ನು ಪಡೆಯುವುದಾದರೆ ಸಂಸ್ಥೆಗೆ ಮೂರು ವರ್ಷಗಳ ಇತಿಹಾಸವಿರಬೇಕು, ಆ ಮೂರು ವರ್ಷಗಳಲ್ಲಿ ತನ್ನ ಮುಖ್ಯ ಕಾರ್ಯಕ್ಕೆ 15 ಲಕ್ಷ ರೂಪಾಯಿಗಳಷ್ಟಾದರೂ ವೆಚ್ಚ ಮಾಡಿರಬೇಕು. ವಿದೇಶದ ಹಣವೆಲ್ಲ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿನ ಖಾತೆಗೇ ಬರಬೇಕು. ವರ್ಷವರ್ಷವೂ ಲೆಕ್ಕವನ್ನು ಒಪ್ಪಿಸಬೇಕು. ಆಡಳಿತ ವೆಚ್ಚ ಶೇಕಡ 20ನ್ನು ಮೀರಕೂಡದು. 2020ಕ್ಕೆ ಮೊದಲು ಈ ಮಿತಿ ಶೇಕಡ 50 ಇತ್ತು. ಇವೆಲ್ಲಕ್ಕಿಂತ ಕಠಿನವಾದದ್ದು, ನೋಂದಾಯಿತ ಸಂಸ್ಥೆಯೊಂದು ತನಗೆ ಬಂದ ವಿದೇಶಿ ದೇಣಿಗೆಯಲ್ಲಿ ಒಂದು ರೂಪಾಯಿಯನ್ನೂ ಮತ್ತೊಂದು ಸಂಸ್ಥೆಗೆ ವರ್ಗಾಯಿಸಕೂಡದೆಂಬ ನಿಷೇಧ. ಸುಪ್ರೀಂ ಕೋರ್ಟು 2022ರ ಏಪ್ರಿಲಿನಲ್ಲಿ ಈ ತಿದ್ದುಪಡಿಗಳ ಸಿಂಧುತ್ವವನ್ನು ಎತ್ತಿಹಿಡಿದಿದೆ. ಕಾನೂನು ಸಿಂಧುವೆಂದ ಮಾತ್ರಕ್ಕೆ ಅದು ಹಿತಕರವೆಂದಾಗುವುದಿಲ್ಲ. ಲೆಕ್ಕಪತ್ರಗಳನ್ನು ಇಡಲು ಶಕ್ತಿಯುಳ್ಳ ದೊಡ್ಡ ಸಂಸ್ಥೆಯೊಂದು ಹಿಂದೆ ತನ್ನ ಆಸುಪಾಸಿನ ನೋಂದಾಯಿತ ಸಣ್ಣ ಸಂಸ್ಥೆಗಳಿಗೆ ಹಣವನ್ನು ಹಂಚಿ, ಅದರ ವಿನಿಯೋಗವನ್ನು ಹತ್ತಿರದಿಂದ ನೋಡಿಕೊಳ್ಳುತ್ತಿತ್ತು. ಆ ಬಾಗಿಲು ಮುಚ್ಚಿದುದರಿಂದ ಗ್ರಾಮಾಂತರದ ಸೇವೆಗೆ ಆದ ಹಾನಿ ಅಲ್ಪವಲ್ಲ. ಪ್ರಕಟಿತ ಲೆಕ್ಕದ ಷರತ್ತಿನ ಮೇಲೆ ಮಿತವಾದ ವರ್ಗಾವಣೆಗೆ ಸರ್ಕಾರ ಮತ್ತೆ ಅನುಮತಿ ಕೊಡಬೇಕು.

ಇತರ ದೇಶಗಳು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಎದುರಿಸಿವೆ. ಬ್ರಿಟನ್ನಿನ ಗಿಫ್ಟ್ ಏಡ್ ಪದ್ಧತಿಯಲ್ಲಿ ತೆರಿಗೆ ಕೊಡುವ ದಾತನು 100 ಪೌಂಡು ಕೊಟ್ಟರೆ, ಸರ್ಕಾರ ಆ ದಾನಸಂಸ್ಥೆಗೇ 25 ಪೌಂಡುಗಳನ್ನು ಸೇರಿಸುತ್ತದೆ. ಅಲ್ಲಿಯೂ ಸಂಸ್ಥೆ ಬ್ರಿಟಿಷ್ ಮಾನ್ಯತೆಯುಳ್ಳದ್ದಾಗಿರಬೇಕು. ಜರ್ಮನಿಯ ತೆರಿಗೆದಾರನಾದ ಪೆರ್ಶೆ ಎಂಬಾತನು ಪೋರ್ಚುಗಲ್ಲಿನ ಒಂದು ವೃದ್ಧಾಶ್ರಮಕ್ಕೂ ಅದಕ್ಕೆ ಸೇರಿದ ಮಕ್ಕಳ ಮನೆಗೂ ಹಾಸುಬಟ್ಟೆ, ಟವೆಲು, ನಡೆಯಲು ಆಸರೆಯಾಗುವ ಚೌಕಟ್ಟು, ಆಟದ ಕಾರುಗಳು ಎಂದು ಒಟ್ಟು 18,180 ಯೂರೋ ಬೆಲೆಯ ವಸ್ತುಗಳನ್ನು ದಾನವಾಗಿ ಕೊಟ್ಟು ರಿಯಾಯಿತಿ ಕೇಳಿದಾಗ, ಪಡೆದ ಸಂಸ್ಥೆ ಜರ್ಮನಿಯದಲ್ಲವೆಂಬ ಒಂದೇ ಕಾರಣದಿಂದ ನಿರಾಕರಿಸಕೂಡದೆಂದು ಯೂರೋಪಿನ ನ್ಯಾಯಾಲಯ 2009ರ ಜನವರಿಯಲ್ಲಿ ತೀರ್ಪಿತ್ತಿತು. ಕರುಣೆಗೆ ಗಡಿಯಿಲ್ಲವೆಂಬುದನ್ನು ತೆರಿಗೆಯ ಕಾನೂನು ಇಷ್ಟು ಸ್ಪಷ್ಟವಾಗಿ ಒಪ್ಪಿದ ಉದಾಹರಣೆ ಇನ್ನೊಂದು ನನಗೆ ಗೊತ್ತಿಲ್ಲ. ಆದರೆ ಅದೇ ಹಾಸುಬಟ್ಟೆಗಳು ನಮ್ಮ ಜಿಲ್ಲೆಯೊಂದರ ವೃದ್ಧಾಶ್ರಮಕ್ಕೆ ಬಂದಿದ್ದರೆ ನಮ್ಮ ಕಾಯ್ದೆಯಂತೆ ಅವೂ ವಿದೇಶಿ ದೇಣಿಗೆಯೇ ಆಗುತ್ತಿದ್ದವು. ವಸ್ತುವೂ ದೇಣಿಗೆಯ ವ್ಯಾಖ್ಯೆಯೊಳಗೆ ಸೇರಿದೆ.

ಈ ಸ್ಥಿತಿಯಲ್ಲಿ ಅಮೆರಿಕದ ಕನ್ನಡ ಕೂಟಗಳು ಮಾಡಬಹುದಾದ ಉಪಕಾರ ದೊಡ್ಡದು. ಸಮ್ಮೇಳನಗಳ ವೈಭವಕ್ಕೆ ವ್ಯಯಿಸುವ ಶ್ರಮದಲ್ಲಿ ಒಂದು ಪಾಲನ್ನು ತೆಗೆದಿಟ್ಟು, 501(ಸಿ)(3) ಮಾನ್ಯತೆಯುಳ್ಳ ಕೂಟಗಳು ಒಟ್ಟುಗೂಡಿ ಒಂದು ಪರಿಶೀಲನಾ ಮಂಡಲಿಯನ್ನು ನೇಮಿಸಿ, ಕರ್ನಾಟಕದ ಎಫ್‌ಸಿಆರ್‌ಎ ನೋಂದಾಯಿತ ಗ್ರಾಮಾಂತರ ಸಂಸ್ಥೆಗಳನ್ನು ಸ್ವತಃ ನೋಡಿ, ಲೆಕ್ಕಗಳನ್ನು ಓದಿ, ಅನುದಾನಕ್ಕೆ ಯೋಗ್ಯವಾದವುಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿದರೆ, ಅಲ್ಲಿನ ಕಾನೂನು ಬಯಸುವ ವಿವೇಚನೆ ತಾನಾಗಿಯೇ ನೆರವೇರುತ್ತದೆ. ಇಲ್ಲಿ ಸಂಸ್ಥೆಯಿಂದ ಸಂಸ್ಥೆಗೆ ಹಣ ದಾಟಿಸುವುದು ನಿಷಿದ್ಧವಾಗಿದ್ದರೂ, ಅಲ್ಲಿಂದ ಒಂದೇ ಮಂಡಲಿ ಇಪ್ಪತ್ತು ಸಂಸ್ಥೆಗಳಿಗೆ ನೇರವಾಗಿ ಕಳುಹಿಸುವುದಕ್ಕೆ ಯಾವ ಕಾನೂನೂ ಅಡ್ಡಬರುವುದಿಲ್ಲ. ಇಲ್ಲಿನ ಆಡಿಟರುಗಳೂ ನಿವೃತ್ತ ಬ್ಯಾಂಕ್ ಅಧಿಕಾರಿಗಳೂ ತಮ್ಮ ತಾಲ್ಲೂಕಿನ ಒಂದೊಂದು ಸಂಸ್ಥೆಯ ನೋಂದಣಿ, ನವೀಕರಣ, ವಾರ್ಷಿಕ ಲೆಕ್ಕಗಳ ಹೊಣೆಯನ್ನು ವಹಿಸಿಕೊಳ್ಳುವುದಾದರೆ, ಆ ಪಟ್ಟಿಯಲ್ಲಿ ಸೇರುವ ಅರ್ಹತೆ ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಮಾತ್ರ ಮೀಸಲಾಗಿ ಉಳಿಯುವುದಿಲ್ಲ. ನೋಂದಣಿಯ ಅವಧಿ ಐದೇ ವರ್ಷವಾದ್ದರಿಂದ, ಅದು ಮುಗಿಯುವುದಕ್ಕೆ ಸಾಕಷ್ಟು ಮುಂಚೆಯೇ ನವೀಕರಣದ ಅರ್ಜಿಯನ್ನು ಹಾಕುವುದು ಇಂತಹ ಸಹಾಯಕರ ಮೊದಲನೆಯ ಕೆಲಸವಾಗಬೇಕು.