ಸೋತವರೂ ಒಪ್ಪಿದ ಸಾಹಸ

ವೀರಗಾಥೆಗಳಲ್ಲಿ ಇತಿಹಾಸ ಇದೆಯೇ? ಇದೆ, ಎಲ್ಲದರಲ್ಲೂ ಇಲ್ಲ. 2023ರ ಮಾರ್ಚಿನಲ್ಲಿ ಮಂಡ್ಯದಲ್ಲಿ ಉರಿಗೌಡ, ನಂಜೇಗೌಡರ ಹೆಸರಿನ ಕಮಾನು ಎದ್ದಾಗ, ಟಿಪ್ಪುವನ್ನು ಕೊಂದವರು ಇವರೇ ಎಂದವರು 1799ರ ಒಂದು ದಾಖಲೆಯನ್ನೂ ಮುಂದಿಡಲಿಲ್ಲ. ಅಲ್ಲಗಳೆದವರಲ್ಲಿ ಕೆಲವರು ಜನರ ನೆನಪನ್ನೇ ಇಡಿಯಾಗಿ ಕಟ್ಟುಕಥೆ ಎಂದರು. ಅದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಎರಡೂ ಕಡೆಯವರಿಗೆ ಬೇಡವಾಯಿತು.

ಆ ಕಲ್ಲಿನ ಕಾಲ ಶಕ 872, ಅಂದರೆ ಕ್ರಿ.ಶ. 949–50. ತಕ್ಕೋಲದ ಕಾಳಗದ ಬಿಸಿ ಆರುವ ಮೊದಲೇ ಕೆತ್ತಿಸಿದ್ದು. ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಇರಿದು ಕೊಂದ, ರಾಷ್ಟ್ರಕೂಟ ಮೂರನೇ ಕೃಷ್ಣ ಮೆಚ್ಚಿ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ ಎನ್ನುತ್ತದೆ. ಗೆದ್ದವರ ಬಡಾಯಿ ಎನ್ನುವವರು ಚೋಳರ ಲೈಡನ್ ತಾಮ್ರಪಟ ಓದಲಿ. ತಮ್ಮ ರಾಜಕುಮಾರ ಆನೆಯ ಮೇಲೆ ಕೃಷ್ಣನ ಬಾಣಕ್ಕೆ ಬಲಿಯಾದನೆಂದು ಸೋತ ಮನೆತನವೇ ಬರೆಸಿದೆ. ಕೊಂದವನು ಬೇರೆ, ಕೊಂದ ಬಗೆ ಬೇರೆ. ರಾಜಾದಿತ್ಯ ರಣದಲ್ಲಿ ಬಿದ್ದದ್ದರಲ್ಲಿ ತಕರಾರಿಲ್ಲ. ಎಷ್ಟು ವರ್ಷದೊಳಗೆ ಬರೆದರು, ಎದುರಾಳಿ ಏನೆಂದ: ಕೇಳಬೇಕಾದದ್ದು ಇಷ್ಟೇ.

ಅದೇ ಕಲ್ಲಿನಲ್ಲಿ ಒಂದು ನಾಯಿಯೂ ಇದೆ. ಏನು ಬೇಕೋ ಕೇಳು ಎಂದು ಬೂತುಗ ಹೇಳಿದಾಗ ಅವನ ಬಂಟ ಮಣಲೇರ ಊರು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ನೆತ್ತಿಯಲ್ಲಿ ನಾಯಿ, ಹಂದಿ ಸೆಣಸುವ ಚಿತ್ರವಿದೆ. ಇದು ಬರೀ ಬಾಯಿಮಾತಿನಲ್ಲಿ ಉಳಿದಿದ್ದರೆ ಅಜ್ಜಿಕಥೆ ಎಂದು ತಳ್ಳಿಹಾಕುತ್ತಿದ್ದೆವು.

ಈಗ ಪಿರಿಯಾಪಟ್ಟಣದ ಸೀಮೆಗೆ ಬನ್ನಿ. ಮೈಸೂರಿನ ದೊರೆ ಕಂಠೀರವ ನರಸರಾಜನ ಸೇನೆ ಅಲ್ಲಿನ ಕೋಟೆ ಹಿಡಿಯುವಾಗ ಅದನ್ನು ಆಳುತ್ತಿದ್ದ ಚಂಗಾಳ್ವ ವೀರರಾಜ ಹೆಂಡಿರು ಮಕ್ಕಳನ್ನು ತಾನೇ ಕೊಂದು ಕಾದಿ ಮಡಿದನೆಂಬ ಕಥೆಯನ್ನು ಲೂಯಿ ರೈಸ್ ಗ್ಯಾಸೆಟಿಯರಿನಲ್ಲಿ ಸೇರಿಸಿದರು. ಕೋಟೆ ಬಿದ್ದ ಐದು ವರ್ಷದೊಳಗೆ, 1648ರಲ್ಲಿ, ಶ್ರೀರಂಗಪಟ್ಟಣದ ಆಸ್ಥಾನದಿಂದ ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ ಹೊರಬಂತು. ಕಾಲ ಹತ್ತಿರದ್ದು, ಆದರೆ ಅದು ಗೆದ್ದವರ ಕಾವ್ಯ. ಚಂಗಾಳ್ವರ ಪತನ ನಡೆದ ಸಂಗತಿ, ಅದರಲ್ಲಿ ಎರಡು ಮಾತಿಲ್ಲ. ಅಂತಃಪುರದ ಆ ಘೋರವನ್ನು ಮಾತ್ರ ಸೋತವರ ಕಡೆಯ ಕಲ್ಲೋ ಓಲೆಯೋ ಸಿಗುವವರೆಗೆ ಪಠ್ಯಪುಸ್ತಕಕ್ಕೆ ಹಾಕಬಾರದು, ಕಟ್ಟುಕಥೆ ಎಂದು ಗೇಲಿಯನ್ನೂ ಮಾಡಬಾರದು.

ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ವೀರಗಲ್ಲುಗಳು ಇನ್ನೂ ನಿಂತಿವೆ. ಹೊಸ ವೀರರಿಗೆ ಕಮಾನು, ಪ್ರತಿಮೆ ಮಾಡಿಸಲು ಹಣವಿರುವ ಸರ್ಕಾರ ಮೊದಲು ಇವುಗಳ ಪಡಿಯಚ್ಚು ತೆಗೆಸಲಿ. ಓದಲಾದಷ್ಟನ್ನು, ಕಾಲ ಮತ್ತು ಸತ್ತವನ ಹೆಸರಿನೊಂದಿಗೆ, ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಹಾಕಿಸಲಿ. ಅಕ್ಷರದ ಮೇಲೆ ಬಣ್ಣ ಬಳಿಯುವುದು ಇವತ್ತೇ ನಿಲ್ಲಲಿ.